ತಾಯಿಗಾಗಿ ಒಂದು ವಾಚನ: ಸಿಂಧನೂರಿನಿಂದ ಮುದಗಲ್ಲಿಗೆ

ಬೆಳಿಗ್ಗೆ ನಾವು ಹತ್ತುವಷ್ಟರಲ್ಲೇ ಸಿಂಧನೂರು ನಿಲ್ದಾಣದಲ್ಲಿ ಲಿಂಗಸುಗೂರಿನ ಬಸ್ಸು ತುಂಬಿತ್ತು. ನನ್ನ ಜೊತೆಗಿದ್ದವರು ಪಕ್ಕದ ಮನೆಯ ದೇವಪುತ್ರಪ್ಪ ಮತ್ತು ಅವರ ಹೆಂಡತಿ ಲೂರ್ದಮ್ಮ. ದೇವಪುತ್ರಪ್ಪ ಪ್ರೊಟೆಸ್ಟಂಟ್ ಸಭೆಯ ಹಿರಿಯರು. ಲೂರ್ದಮ್ಮ ಮುದಗಲ್ಲಿನ ಹಳೆಯ ಕ್ಯಾಥೊಲಿಕ್ ಮನೆತನದ ಮಗಳು. ಆಕೆಯ ತಾಯಿ ತೀರಿಕೊಂಡು ವರ್ಷವಾಗಿತ್ತು. ಆ ಮನೆಯ ವಾಡಿಕೆಯಂತೆ, ಚರ್ಚಿನಲ್ಲಿ ನಡೆಯುವ ವರ್ಷದ ಪೂಜೆಯಲ್ಲಿ ಬೈಬಲಿನ ಮೊದಲ ವಾಚನ ಹಿರಿಯ ಮಗಳದು. ಅಲ್ಲಿನ ಚರ್ಚ್ ನೋಡುವ ಆಸೆಯಿಂದ ನಾನೂ ಹೊರಟಿದ್ದೆ.

ಕಂಡಕ್ಟರ್ ಲೂರ್ದಮ್ಮನವರಿಗೆ ಹೆಂಗಸರ ಉಚಿತ ಟಿಕೆಟ್ ಕೊಟ್ಟ. ನಾವಿಬ್ಬರೂ ದುಡ್ಡು ಕೊಟ್ಟೆವು.

"ನೋಡ್ರಿ, ನನ್ನ ತಡಿಯಾಕ ಇವರು ರೊಕ್ಕ ಕೊಟ್ಟು ಬರಾಕತ್ತಾರ" ಎಂದು ಆಕೆ ನನಗೆ ಹೇಳಿದರು.

ಗೊರೇಬಾಳ ದಾಟುವವರೆಗೂ ಎರಡೂ ಕಡೆ ಭತ್ತದ ಗದ್ದೆ, ತಂಪು ಗಾಳಿ. ಜಗಳ ಏನೆಂದು ದೇವಪುತ್ರಪ್ಪನವರೇ ತಿಳಿಸಿದರು. ಪೂಜೆಗೆ ಗೊತ್ತುಮಾಡಿದ್ದ ಭಾಗ, ಸತ್ತವರಿಗಾಗಿ ಪ್ರಾರ್ಥಿಸುವುದು ಒಳ್ಳೆಯದೆನ್ನುತ್ತದೆ. ಅದಿರುವ ಗ್ರಂಥ ಕ್ಯಾಥೊಲಿಕರ ಬೈಬಲಿನಲ್ಲಿದೆ, ಪ್ರೊಟೆಸ್ಟಂಟರದರಲ್ಲಿ ಇಲ್ಲ.

"ನಮ್ಮ ಸತ್ಯವೇದದಾಗ ಇಲ್ಲದ್ದನ್ನ ಹಿರಿಯನ ಹೆಂಡ್ತಿ ಓದಿದ್ರ, ನಾಳೆ ಸಭೆಯಾಗ ನಾ ಯಾವ ಮುಖ ಹೊತ್ತು ಕೂಡ್ಲಿ?" ಎಂದು ಹೇಳಿ ಹೆಂಡತಿಯ ಕಡೆ ತಿರುಗಿದರು. "ನೀ ಅದನ್ನ ಓದಿದ್ರ ನಾ ಎದ್ದು ಹೊರಗ ಹೋಗ್ತೀನಿ."

"ಹೋಗ್ರಿ. ಮಣ್ಣು ಕೊಡೋ ದಿನ ನಿಮ್ಮ ಮಾತು ಕೇಳಿ ಹಿಂದ ನಿಂತೆ. ಅವ್ವಗ ಒಂದು ಪ್ರಾರ್ಥನಾ ಸೈತ ಹೇಳಲಿಲ್ಲ. ಇವತ್ತು ಓದಾಕಿನ ನಾ."

ಮಸ್ಕಿಯಲ್ಲಿ ಇಳಿದು ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿಂದೆವು. ಲೂರ್ದಮ್ಮ ತಮ್ಮ ತಟ್ಟೆಯ ಮಿರ್ಚಿಯೊಂದನ್ನು ಗಂಡನ ತಟ್ಟೆಗೆ ಹಾಕಿದರು. ಅಲ್ಲಿಂದ ಮುಂದೆ ಒಣ ಹೊಲಗಳು, ಕಿಟಕಿಯಲ್ಲಿ ಬಿಸಿಲು. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಮುದಗಲ್ ತಲುಪಿದೆವು.

ಆಕೆಯ ತಮ್ಮ ಅಂತಪ್ಪ ಮನೆಯ ಬಾಗಿಲಲ್ಲೇ ಕಾಯುತ್ತಿದ್ದ. ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ವಾದ ಶುರುವಾಯಿತು.

"ಸತ್ಯವೇದದಾಗ ಬರದಿದ್ದಷ್ಟು ಸಾಕು" ಎಂದರು ದೇವಪುತ್ರಪ್ಪ.

"ಅದರಾಗ ಯಾವ ಪುಸ್ತಕ ಇರಬೇಕು, ಯಾವುದು ಬ್ಯಾಡ ಅಂತ ನಿಕ್ಕಿ ಮಾಡಿದವರು ಯಾರು ಮಾಮಾ? ಚರ್ಚ್ ಅಲ್ಲೇನು?"

"ಆ ಚರ್ಚ್ ತಪ್ಪಿದ್ರ ತಿದ್ದೋರು ಯಾರಪಾ? ದೇವರ ವಾಕ್ಯ ಒಂದಽ."

"ವಾಕ್ಯದ ಅರ್ಥ ನೀವೊಬ್ರು ಹೇಳಿದ್ದಽ ಖರೇ ಅಂತ ಹೆಂಗ ತಿಳೀಬೇಕು?"

"ಇಬ್ರೂ ತಿಂದು ಏಳ್ರಿ" ಎಂದರು ಲೂರ್ದಮ್ಮ. "ಫಾದರ್ ನಿಮ್ಮ ಸಲುವಾಗಿ ಕಾಯಂಗಿಲ್ಲ."

ಚರ್ಚಿನೊಳಗೆ ತಂಪಿತ್ತು. ದೇವಪುತ್ರಪ್ಪ ಹೊರಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕುಳಿತರು; ಪಕ್ಕದಲ್ಲಿ ನಾನು. ವಾಚನದ ಸಮಯ ಬಂತು. ಲೂರ್ದಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಹೋದರು. ಹೊತ್ತಗೆಯ ಆ ಪುಟವನ್ನೇ ತೆರೆದು ಓದತೊಡಗಿದರು.

ದೇವಪುತ್ರಪ್ಪ ಎದ್ದರು. ಮೊದಲ ವಾಚನವನ್ನು ಅಲ್ಲಿ ಕುಳಿತೇ ಕೇಳುವುದರಿಂದ ಎದ್ದು ನಿಂತವರು ಅವರೊಬ್ಬರೇ. ಮುಂದಿನ ಸಾಲಿನಿಂದ ಅಂತಪ್ಪ ತಿರುಗಿ ನೋಡಿದ. ಲೂರ್ದಮ್ಮನೂ ನೋಡಿದರು. ಧ್ವನಿ ಒಮ್ಮೆ ತಡವರಿಸಿತು. ಆಕೆ ಅದೇ ಸಾಲನ್ನು ಮೊದಲಿನಿಂದ, ಇನ್ನಷ್ಟು ಗಟ್ಟಿಯಾಗಿ ಓದಿದರು. ದೇವಪುತ್ರಪ್ಪ ಬಾಗಿಲ ಕಡೆ ಹೆಜ್ಜೆ ಇಡಲಿಲ್ಲ. ವಾಚನ ಮುಗಿಯುವವರೆಗೆ ತಲೆ ಬಾಗಿಸಿ ಕೈಕಟ್ಟಿ ನಿಂತರು. ಮುಗಿದ ಮೇಲೆ ಕುಳಿತರು.

ಸಂಜೆ ಮರಳುವ ಬಸ್ಸಿನಲ್ಲಿ ಲೂರ್ದಮ್ಮ ಕೇಳಿದರು: "ಹೊರಗ ಹೋಗಾಕ ಎದ್ದಿದ್ರಲ್ಲ, ಯಾಕ ಹೋಗಲಿಲ್ರಿ?"

"ಏಳೋದ್ರಾಗ ನೀ ಓದಾಕ ಸುರು ಮಾಡಿದ್ದಿ. ಓದು ನಡದಾಗ ಎದ್ದು ಹೋಗಬಾರದು ಅಂತ ಸಣ್ಣಾಂವಿದ್ದಾಗ ನಮ್ಮಪ್ಪ ಕಲಿಸ್ಯಾನ."

"ನಿಮ್ಮಪ್ಪ ಕಲಿಸಿದ್ದು ಸತ್ಯವೇದದ ಯಾವ ಅಧ್ಯಾಯದಾಗ ಬರದೈತ್ರಿ?"

ದೇವಪುತ್ರಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದರು. ಮುದಗಲ್ಲಿನ ಕೋಟೆಗೋಡೆ ಹಿಂದೆ ಸರಿಯುತ್ತಿತ್ತು.