ಪುಸ್ತಕ ಮುಚ್ಚಿ ಹೇಳುವುದು

ಕಾರವಾರದ ಹಬ್ಬುವಾಡದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನವೊಂದರಲ್ಲಿ ಫೇಲಾಗಿದ್ದಳು. ಮರುಪರೀಕ್ಷೆಗೆ ಕೆಲವೇ ವಾರಗಳಿದ್ದವು. ಪಾಸಾದರೆ ಕಾಲೇಜು, ಇಲ್ಲವಾದರೆ ತನ್ನ ಜೊತೆ ಮೀನು ಮಾರ್ಕೆಟ್ಟು ಎಂದು ತಾಯಿ ಹೇಳಿದ್ದಳು. ಹೆದರಿಸಲು ಹೇಳಿದ ಮಾತಲ್ಲ ಅದು.

"ನೀವು ಪೇಪರಿನವರಲ್ಲವಾ ಬಾಯಿ, ನೀವೇ ಸ್ವಲ್ಪ ನೋಡಿ. ನನಗೆ ಆ ಪುಸ್ತಕ ತಲೆ ಮೇಲೋ ಕೆಳಗೋ, ಅದೂ ತಿಳಿಯೂದಿಲ್ಲ" ಎಂದು ತಾಯಿ ಅವಳನ್ನು ನನ್ನ ಬಳಿ ಕೂರಿಸಿದಳು.

ಪರೀಕ್ಷೆ ಹತ್ತಿರ ಬಂದಾಗ ನಮ್ಮ ಪತ್ರಿಕೆಯಲ್ಲಿ ಓದುವ ಕ್ರಮದ ಬಗ್ಗೆ ಒಂದು ಪುಟ ಬರುತ್ತದೆ. ಅದಕ್ಕಾಗಿ ಶಿಕ್ಷಕರನ್ನು ಮಾತನಾಡಿಸುವುದು ನನ್ನ ಕೆಲಸ. ಕಾರವಾರದವರಾಗಲಿ ಅಂಕೋಲೆಯವರಾಗಲಿ ಹೇಳುವುದು ಹೆಚ್ಚುಕಡಿಮೆ ಒಂದೇ: ಓದಿದ್ದನ್ನೇ ಓದಬಾರದು, ಪುಸ್ತಕ ಮುಚ್ಚಿ ನೆನಪಿನಿಂದ ಹೇಳಬೇಕು, ಸ್ವಂತ ಮಾತಿನಲ್ಲಿ ಇನ್ನೊಬ್ಬರಿಗೆ ವಿವರಿಸಬೇಕು.

ಹುಡುಗಿ ಅಲ್ಲಿಯವರೆಗೆ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದಳು. ನಡುವೆ ಒಂದು ಪದ ತಪ್ಪಿದರೆ ಮತ್ತೆ ಮೊದಲಿನಿಂದ. ರಕ್ತಪರಿಚಲನೆಯ ಪಾಠ ತೆಗೆಸಿ, ಓದಿಸಿ, ಪುಸ್ತಕ ಮುಚ್ಚಿಸಿದೆ. ಹಿತ್ತಲಲ್ಲಿ ಬಂಗಡೆ ಮೀನು ಕೊಯ್ಯುತ್ತಿದ್ದ ತಾಯಿಗೆ ಅದನ್ನು ವಿವರಿಸು ಎಂದೆ.

ಅವಳು ಮನೆಮಾತಾದ ಕೊಂಕಣಿಯಲ್ಲಿ ಶುರು ಮಾಡಿದಳು. ಮೀನಿನಲ್ಲಿ ರಕ್ತ ಒಂದು ಸುತ್ತಿಗೆ ಹೃದಯವನ್ನು ಒಮ್ಮೆ ಮಾತ್ರ ಹಾಯುತ್ತದೆ, ನಮ್ಮಲ್ಲಿ ಎರಡು ಸಲ ಏಕೆ ಎಂದು ಎಲ್ಲಿಯೂ ತಡವರಿಸದೆ ಹೇಳಿದಳು. ತಾಯಿ ಕತ್ತಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಕೇಳಿದ್ರಾ ಬಾಯಿ, ಮೀನಿನ ಎದೆಯೊಳಗೆ ಎರಡು ಕೋಣೆ ಉಂಟಂತೆ. ನಮ್ಮ ಮನೆಗಿಂತ ಒಂದು ಹೆಚ್ಚು."

ಮೂವರೂ ನಕ್ಕೆವು. ಈಗ ಇದನ್ನೇ ಬರೆ ಎಂದು ಹಾಳೆ ಕೊಟ್ಟೆ. ಒಂದು ಸಾಲು ಬರೆದು ಪೆನ್ನು ನಿಂತಿತು.

"ಎಲ್ಲ ಗೊತ್ತುಂಟು ಮಾವಶಿ. ಕನ್ನಡದಲ್ಲಿ ಬರೂದಿಲ್ಲ."

ನನ್ನೊಡನೆ ಅವಳು ಆಡುವುದು ಕನ್ನಡವೇ. ಆದರೆ ಹೃತ್ಕರ್ಣ, ಹೃತ್ಕುಕ್ಷಿ, ಅಪಧಮನಿ ಇವೆಲ್ಲ ಅವಳಿಗೆ ಬಾಯಿಪಾಠದ ವಾಕ್ಯಗಳ ಜೊತೆಗೇ ಬಂದಿದ್ದವು. ನಾನು ಬಾಯಿಪಾಠ ಬಿಡಿಸಿದೆ, ಅದರ ಜೊತೆ ಪದಗಳೂ ಹೋದವು. ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿದೆವು, ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದೆವು. ಕೆಲವು ಉಳಿದವು. ಅಂಕೋಲೆಯ ನಿವೃತ್ತ ಶಿಕ್ಷಕರೊಬ್ಬರಿಗೆ ಫೋನ್ ಮಾಡಿದೆ. ಅವರು ಪರೀಕ್ಷೆಗೆ ಎಷ್ಟು ದಿನ ಉಳಿದಿದೆ ಎಂದು ಕೇಳಿ, "ಈ ಕ್ರಮ ಒಂದು ವರ್ಷ ಮೊದಲೇ ಶುರು ಮಾಡಿದ್ರೆ ಆಗ್ತಿತ್ತು. ಈಗ ಬಾಯಿಪಾಠವೇ ಮಾಡಿಸಿ" ಎಂದರು.

"ಮೊದಲು ಬೇಡ ಅಂದ್ರಿ, ಈಗ ಮಾಡು ಅಂತ್ರಿ" ಎಂದಳು ಹುಡುಗಿ. ಆದರೂ ಪ್ರಯತ್ನಿಸಿದಳು. ಈಗ ಅದೂ ಸಲೀಸಾಗಿ ಬರಲಿಲ್ಲ. ಹೇಳುತ್ತಾ ಹೇಳುತ್ತಾ ಅರ್ಥದ ಕಡೆ ಗಮನ ಹೋಗಿ ಮುಂದಿನ ಪದ ಮರೆಯುತ್ತಿದ್ದಳು.

ಪರೀಕ್ಷೆಯ ದಿನ ನಾನೂ ತಾಯಿಯೂ ಅವರ ಮನೆಯ ಬಾಗಿಲಲ್ಲೇ ಕಾದಿದ್ದೆವು. ರಕ್ತ ಹೃದಯವನ್ನು ಎರಡು ಸಲ ಹಾಯುವ ಇಮ್ಮಡಿ ಪರಿಚಲನೆಯ ಪ್ರಶ್ನೆಯೇ ಬಂದಿತ್ತಂತೆ.

"ಬರೆದೆಯಾ?"

"ಚಿತ್ರ ಬಿಡಿಸಿದೆ. ರಕ್ತ ಹೋಗೂದು, ಬರೂದು, ಎಲ್ಲ ಬಾಣ ಹಾಕಿದೆ. ಹೆಸರು ಅರ್ಧ ಬರೆದೆ."

"ಬಾಣಕ್ಕೆ ಮಾರ್ಕ್ಸ್ ಕೊಡ್ತ್ರಾ ಬಾಯಿ?" ಎಂದು ತಾಯಿ ಕೇಳಿದಳು.

ಸ್ವಲ್ಪ ಕೊಡಬಹುದು, ಎಷ್ಟೆಂದು ನನಗೆ ಗೊತ್ತಿಲ್ಲ ಎಂದೆ. ಗೊತ್ತಿದ್ದದ್ದು ಅಷ್ಟೇ. ತಾಯಿ ತಲೆಯಾಡಿಸಿ ಮಗಳ ಕಡೆ ನೋಡಿದಳು.

"ರಿಸಲ್ಟ್ ಬರೂವರೆಗೆ ಮನೆಯಲ್ಲಿ ಕೂತು ಎಂತ ಮಾಡ್ತೆ? ನಾಳೆ ನನ್ನ ಸಂಗಡ ಮಾರ್ಕೆಟ್ಟಿಗೆ ಬಾ."

ಹುಡುಗಿ ಸರಿ ಎಂದಳು.