ಕೊಬ್ಬರಿ ತಿನ್ನದ ವ್ಯಾಪಾರಿ

ಕಂದಿಕೆರೆ ಕಡೆ ಕೊಬ್ಬರಿ ಕೊಳ್ಳೋಕೆ ಹೋಗಿದ್ದೆ. ಅಲ್ಲಿ ಬೀಡಿ ಹಚ್ಚದೆ ಯಾರೂ ರೇಟಿನ ಮಾತು ಎತ್ತೋದಿಲ್ಲ. ತೋಟದ ಯಜಮಾನರು ಚಾಚಿದ ಬೀಡಿಗೆ ನಾನು ಬೇಡ ಅಂತ ಕೈಮುಗಿದೆ.

"ಯಾಕಪ್ಪ, ವ್ಯಾಪಾರ ಬ್ಯಾಡ್ವಾ?"

ಹೊಟ್ಟೆನೋವನ್ನು ಮನೆಯವರ ಹತ್ತಿರವೂ ಗ್ಯಾಸು ಅಂತಲೇ ತೇಲಿಸುತ್ತಿದ್ದವನು ಮೊದಲ ಸಲ ಬಾಯಿಬಿಟ್ಟೆ. "ಕ್ರೋನ್ಸ್ ಅಂತ ಕರುಳಿನ ಕಾಯಿಲೆ ಕಣ್ರೀ. ಪೂರ್ತಿ ವಾಸಿಯಾಗಲ್ಲ, ಹತೋಟೀಲಿ ಇಟ್ಕೋಬೇಕು. ಅದಕ್ಕೇ ಬೀಡಿ ಬಿಟ್ಟೆ."

"ಒಳ್ಳೇದಾಯ್ತು ಬುಡು," ಅಂದವರು ತಮ್ಮ ಬೀಡಿಯನ್ನೂ ಕಿವಿಗೆ ಸಿಕ್ಕಿಸಿಕೊಂಡು, ಅಟ್ಟದಿಂದ ಒಂದು ಕೊಬ್ಬರಿ ತಂದು ಒಡೆದು, ರುಚಿ ನೋಡು ಅಂತ ಚೂರು ಕೊಟ್ಟರು.

"ಡಾಕ್ಟ್ರು ಇದೂ ತಿನ್ನಬೇಡ ಅಂದವ್ರೆ."

ಯಜಮಾನರು ಕಿವಿಯ ಬೀಡಿ ತೆಗೆದು ಹಚ್ಚಿದರು. "ಬೀಡಿ ಬ್ಯಾಡ ಅಂದಿದ್ದು ಸರಿ. ಕೊಬ್ರಿ ಬ್ಯಾಡ ಅಂದೋನು ಯಾವೂರ ಡಾಕ್ಟ್ರು?"

ತಿಪಟೂರಿನವರೇ, ಸ್ವಂತ ತೆಂಗಿನ ತೋಟ ಇರೋರು ಅಂತ ನಾನು ಹೇಳಲಿಲ್ಲ. ಪಾಪ, ಡಾಕ್ಟ್ರೂ ಈ ಕಡೆ ಓಡಾಡಬೇಕಲ್ಲ.