ಹೂವಿನ ಹೊತ್ತು ನನ್ನದಲ್ಲ

ನನ್ನ ಕಾದಂಬರಿಯ ಊರನ್ನು ನಾನು ಕಟ್ಟಲಿಲ್ಲ. ಕಟ್ಟಿದವರು ಪುಟ್ಟಸ್ವಾಮಿ — ಮೈಸೂರಿನ ದೇವರಾಜ ಮೊಹಲ್ಲಾದ ಒಂದು ಸಂದಿಯಲ್ಲಿ ಬಚ್ಚಲುಮನೆಯ ತಾಮ್ರದ ಬಾಯ್ಲರ್ ರಿಪೇರಿ ಮಾಡುವವರು. ಅವರು ಎದುರಿಗೇ ಕೂತಿದ್ದಾಗ, ತುಂಬಿದ ಸಭೆಯಲ್ಲಿ, ಅದೆಲ್ಲ ನನ್ನ ಕಲ್ಪನೆ ಅಂದುಬಿಟ್ಟೆ. ಆರು ವರ್ಷವಾಯಿತು. ಈಗ ಎರಡನೇ ಮುದ್ರಣ ಬರುತ್ತಿದೆ. ಕಥೆಗಿಂತ ಮೊದಲು ನೀವು ಇದನ್ನು ಓದಬೇಕು.

ಸ್ಟೀಮ್‌ಪಂಕ್ ಅಂದರೆ ಕರೆಂಟು, ಪೆಟ್ರೋಲು ಬಾರದೇ ಹೋದ ಲೋಕದ ಕಥೆ. ಬಂಡಿಯಿಂದ ಹಿಡಿದು ಹಾರುವ ಹಡಗಿನವರೆಗೆ ಎಲ್ಲವೂ ಹಬೆ ಮತ್ತು ಹಲ್ಲುಚಕ್ರಗಳಿಂದಲೇ ಓಡಬೇಕು. ಅದನ್ನು ಕನ್ನಡದಲ್ಲಿ ಬರೆದೇ ಬಿಡುತ್ತೇನೆ ಅನ್ನೋ ಹುಚ್ಚು ನನಗೆ ಹತ್ತಿತ್ತು. ಮೊದಲ ಅಧ್ಯಾಯ ಹೇಗಿತ್ತು ಗೊತ್ತಾ? ಮಂಜು ಕವಿದ ಪರದೇಶದ ಬೀದಿ, ಉದ್ದ ಟೋಪಿಯ ಗಂಡಸರು, ಎಲ್ಲರ ಹಣೆಯ ಮೇಲೂ ದಪ್ಪ ಕನ್ನಡಕ! ಕೃಷ್ಣಮೂರ್ತಿಪುರಂನ ಅಡುಗೆಮನೆಯಲ್ಲಿ ಕೂತು, ಕಣ್ಣಾರೆ ಕಾಣದ ಊರಿನ ಮಂಜನ್ನು ವರ್ಣಿಸುತ್ತಿದ್ದೆ. ಹತ್ತು ಪುಟಕ್ಕೆ ಕಥೆ ನಿಂತುಹೋಯಿತು. ಅದೇ ವಾರ ನಮ್ಮ ಮನೆಯ ಬಾಯ್ಲರ್ ಸೋರಲು ಶುರುವಾಯಿತು, ಅದನ್ನು ಆಟೋದಲ್ಲಿ ಹೇರಿಕೊಂಡು ಪುಟ್ಟಸ್ವಾಮಿಯವರ ಅಂಗಡಿಗೆ ಹೋದೆ.

ಅವರು ಕಾರ್ಖಾನೆಯೊಂದರ ದೊಡ್ಡ ಬಾಯ್ಲರಿಗೆ ಮೂವತ್ತು ವರ್ಷ ಬೆಂಕಿ ಹಾಕಿದವರು. ಬೆಸುಗೆ ಹಾಕುತ್ತಾ, ಏನು ಕೆಲಸ ಮಾಡ್ತೀರಿ ಅಂತ ಕೇಳಿದರು. ಹೇಳಿದೆ. ಹಬೆಯಿಂದಲೇ ಓಡುವ ಊರಿನ ಕಥೆ ಅಂದಾಗ ನಕ್ಕುಬಿಡುತ್ತಾರೆ ಅಂದುಕೊಂಡಿದ್ದೆ — ನಗಲಿಲ್ಲ.

“ಊರ್ಗೆಲ್ಲ ಹಬೆ ಅಂತೀರಲ್ಲ ಕಣಮ್ಮ, ನೀರ್ ಎಲ್ಲಿಂದ ತತ್ತೀರಿ? ಬೂದಿ ಯಾರು ಎತ್ತಾರೆ?”

ಬೂದಿ! ಹತ್ತು ಪುಟ ಹಬೆ ಬರೆದವಳಿಗೆ ಬೂದಿಯ ನೆನಪೇ ಇರಲಿಲ್ಲ. ಆಮೇಲೆ ಪ್ರತಿ ಶನಿವಾರ ನೋಟ್‌ಬುಕ್ ಹಿಡಿದು ಹೋದೆ. ಎಂಥ ತಲೆ ಆ ಮನುಷ್ಯನದು! ಒಂದು ಯಂತ್ರ ಹೇಳಿದರೆ ಅದರ ಹಿಂದೆಯೇ ಅದರಿಂದ ಕೈ ಸುಟ್ಟುಕೊಳ್ಳುವವರು ಯಾರು, ಅದು ಕೆಟ್ಟರೆ ಯಾರ ಮನೆಯಲ್ಲಿ ಒಲೆ ಉರಿಯೋಲ್ಲ ಅಂತ ಕೇಳುವರು. ಒಂದು ದಿನ, ಹಬೆ ತಾಕಿದರೆ ಮಲ್ಲಿಗೆ ಬಾಡುತ್ತದಲ್ಲ, ಹೂವಿನವರು ಏನು ಮಾಡಬೇಕು ಅಂದರು. ಅವರೇ ಹೇಳಿದರು — ಬೆಳಿಗ್ಗೆ ಎರಡು ಗಂಟೆ ಕಾಲ ಊರಿನ ಕೊಳವೆಗಳನ್ನೆಲ್ಲ ಮುಚ್ಚಬೇಕು, ಬಂಡಿ-ಯಂತ್ರ ನಿಲ್ಲಬೇಕು, ಮಾರ್ಕೆಟ್ಟಿನಲ್ಲಿ ಕೊನೆಯ ಮಾಲೆ ಕಟ್ಟಿ ಮುಗಿಯೋವರೆಗೆ ಇಡೀ ಮೈಸೂರು ಕಾಯಬೇಕು. ಅದಕ್ಕೆ ‘ಹೂವಿನ ಹೊತ್ತು’ ಅಂತ ಹೆಸರಿಟ್ಟವರೂ ಅವರೇ. ಅವತ್ತು ರಾತ್ರಿಯೇ ಪರದೇಶದ ಮಂಜನ್ನೆಲ್ಲ ಹರಿದು ಹಾಕಿದೆ.

ಪುಸ್ತಕ ಬಂತು. ಬಿಡುಗಡೆಗೆ ಅವರನ್ನು ನಾನೇ ಕರೆದಿದ್ದೆ. ಅವರ ಮಗಳು ಭಾಗ್ಯ, ಅವರ ಬೀದಿಯ ಏಳೆಂಟು ಜನ, ಎಲ್ಲರೂ ಮೂರನೇ ಸಾಲಿನಲ್ಲಿ ಕೂತಿದ್ದರು. ಹಾರುವ ಹಡಗಿನ ಭಾಗವನ್ನು ಓದಿದೆ. ಚಪ್ಪಾಳೆ ಬಿತ್ತು. ಯಾರೋ ಎದ್ದು ನಿಂತು, ಹೂವಿನ ಹೊತ್ತು ಅನ್ನೋದು ಎಷ್ಟು ಚೆನ್ನಾಗಿದೆ, ಹೇಗೆ ಹೊಳೀತು ಅಂತ ಕೇಳಿದರು.

“ನಮ್ಮ ಮುತ್ತಜ್ಜ ಅರಮನೆಯಲ್ಲಿದ್ದರು. ಇಂಥ ಕಲ್ಪನೆ ನಮ್ಮ ರಕ್ತದಲ್ಲೇ ಬಂದಿರಬೇಕು.”

ಅಂದೇಬಿಟ್ಟೆ. ಮುತ್ತಜ್ಜ ಅರಮನೆಯ ಕಚೇರಿಯಲ್ಲಿ ಕಾಗದ ನಕಲು ಮಾಡುತ್ತಿದ್ದವರು, ಜನ್ಮದಲ್ಲಿ ಒಂದು ನಟ್ಟು ತಿರುಗಿಸಿದವರಲ್ಲ. ನಮ್ಮ ಮನೆಯಲ್ಲಿ ವಿದ್ಯೆ ಅಂದರೆ ಪುಸ್ತಕದಲ್ಲಿರೋದು. ಮಸಿ ಮೆತ್ತಿದ ಕೈಯವರ ಹತ್ತಿರ ಕಲಿತೆ ಅಂತ ಅಷ್ಟು ಜನರೆದುರು ಹೇಳಲು ನನಗೆ — ನಾಚಿಕೆಯಾಯಿತು. ಇದ್ದದ್ದು ಅಷ್ಟೇ. ಪುಟ್ಟಸ್ವಾಮಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು.

ಹೊರಗೆ ಮೆಟ್ಟಿಲ ಹತ್ತಿರ ಭಾಗ್ಯ ಅಡ್ಡ ನಿಂತು, ನಮ್ಮಪ್ಪನ ಹೆಸರು ಎಲ್ಲಿ ಮೇಡಂ ಅಂದಳು. ನಾನು ಬಾಯಿ ತೆರೆಯುವ ಮೊದಲೇ ಪುಟ್ಟಸ್ವಾಮಿ ಅವಳನ್ನು ತಡೆದರು.

“ಬುಡವ್ವ. ಬರ್ದೋರು ಅವ್ರು, ನಾನೇನ್ ಬರ್ದ್ನಾ? ಆದ್ರೆ ಅಮ್ಮಾವ್ರೇ, ಆ ಹಡಗಲ್ಲಿ ಸೀಸದ ಬಿರಡೆ ತಪ್ಪಾಗೈತೆ. ಜನ ಸತ್ತೋಯ್ತಾರೆ.”

ಆ ಬಿರಡೆಯ ವಿಷಯ ಅವರೇ ಕಲಿಸಿದ್ದರು. ಬಾಯ್ಲರಿನಲ್ಲಿ ನೀರು ತಗ್ಗಿದರೆ ಬೆಂಕಿಯ ನೆತ್ತಿಯ ಮೇಲಿನ ಸೀಸ ಕರಗಿ, ಹಬೆ ಕೆಳಗೆ ನುಗ್ಗಿ ಬೆಂಕಿ ಆರಬೇಕು. ನಾನು ಅರ್ಥವಾಗದೆ ಅದನ್ನು ಚಿಮಣಿಯಲ್ಲಿಟ್ಟಿದ್ದೆ. ಕದ್ದದ್ದನ್ನೂ ನೆಟ್ಟಗೆ ಕದಿಯಲಿಲ್ಲ! ಹೆಸರು ಕಿತ್ತುಕೊಂಡವಳ ಮುಂದೆ ನಿಂತು ಅವರು ಯೋಚಿಸಿದ್ದು, ನನ್ನ ಕಾಗದದ ಹಡಗಿನಲ್ಲಿ ಸಾಯುವ ಜನರ ಬಗ್ಗೆ. ಅಂಥವರನ್ನು ನಾನು ಬೇರೆ ನೋಡಿಲ್ಲ.

ಆಮೇಲೆ ಏನು ಮಾಡಿದೆ? ಆ ಸಂದಿಗೆ ಕಾಲಿಡೋದು ತಪ್ಪಲಿ ಅಂತ ಬಾಯ್ಲರ್ ತೆಗೆಸಿ ಗೀಸರ್ ಹಾಕಿಸಿಕೊಂಡೆ.

ಈಗ ಪ್ರಕಾಶಕರು, ಕೊನೆಯ ಪುಟದಲ್ಲಿ ಕೃತಜ್ಞತೆ ಅಂತ ಒಂದು ಸಾಲು ಹಾಕಿದರೆ ಸಾಕು ಅಂದರು. ಸಾಲದು. ಮುಖಪುಟದಲ್ಲಿ ಎರಡು ಹೆಸರಿರುತ್ತದೆ, ಪುಟ್ಟಸ್ವಾಮಿಯವರದು ಮೊದಲು. ಹೋದ ವಾರ ಅಂಗಡಿಗೆ ಹೋಗಿ, ಇಲ್ಲಿಯವರೆಗೆ ಬರೆದದ್ದನ್ನು ಅವರಿಗೂ ಭಾಗ್ಯಳಿಗೂ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, ಬಿರಡೆ ಸರಿ ಮಾಡುದ್ರಾ ಅಂದರು. ಮಾಡಿದೀನಿ ಅಂದೆ. ತಲೆಯಾಡಿಸಿದರು. ಭಾಗ್ಯ ಆಡಿಸಲಿಲ್ಲ.

“ಅವತ್ತು ನಮ್ ಬೀದಿಯವ್ರ್‌ನೆಲ್ಲ ನಾನೇ ಕರ್ಕೊಂಡ್ ಬಂದಿದ್ದೆ, ನಮ್ಮಪ್ಪ ಹೇಳಿದ್ದು ಪುಸ್ತಕ ಆಗೈತೆ ಅಂತ. ನೀವು ಅಂಗಂದ್‌ಬುಟ್ರಿ. ನಾನು ಸುಳ್ಳಿ ಆದೆ. ಅವ್ರಲ್ಲಿ ಮೂರು ಜನ ಈಗಿಲ್ಲ ಮೇಡಂ. ಅವ್ರ್‌ಗೆ ಯಾರು ಹೇಳ್ತಾರೆ?”

ಉಳಿದವರ ಮನೆಗಳು ಯಾವುವು ಅಂತ ಅವಳನ್ನೇ ಕೇಳಿ ಬರೆದುಕೊಂಡಿದ್ದೇನೆ. ಭಾನುವಾರದಿಂದ ಒಂದೊಂದೇ ಮನೆಗೆ ಹೋಗಿ, ಭಾಗ್ಯ ಹೇಳಿದ್ದು ನಿಜ, ಸುಳ್ಳು ಹೇಳಿದವಳು ನಾನು ಅಂತ ಹೇಳುತ್ತೇನೆ. ಆ ಮೂರು ಮನೆಗಳಿಗೂ ಹೋಗುತ್ತೇನೆ, ಬಾಗಿಲು ತೆಗೆದವರಿಗೆ ಹೇಳುತ್ತೇನೆ.